ಮೊದಲ ಗಿರಾಕಿ

ಕೈಗವಸು ಬಿಚ್ಚಿ ಫೋನು ಎತ್ತಿಕೊಂಡಳು, ಪರದೆಯ ಮೇಲಿದ್ದ ‘ಖರೀದಿಸಿ’ ಎಂಬ ಹಸಿರು ಗುಂಡಿಯನ್ನು ನೋಡಿದಳು, ಫೋನನ್ನು ಮಗುಚಿಟ್ಟು ಹೊಸ ಕೈಗವಸು ಹಾಕಿಕೊಂಡಳು. ಬೆಳಗಿನಿಂದ ಇದೇ ಆಟ. ಹೀಗೇ ಆದರೆ ಆ ಗುಂಡಿಗಿಂತ ಕೈಗವಸಿಗೇ ಹೆಚ್ಚು ಖರ್ಚಾಗುತ್ತದೆ ಎಂದು ಅವಳಿಗೇ ನಗು ಬಂತು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಬ್ಯಾಂಕ್ ಮ್ಯಾನೇಜರು ತಮ್ಮ ಹಲ್ಲು ನೋಡಿಯೇ ಡಾಕ್ಟರು ನಕ್ಕರೆಂದು ಕಣ್ಣು ಅಗಲಿಸಿದರು. “ನಿಮಗಲ್ಲ ಸಾರ್, ಏನೋ ನೆನಪಾಯ್ತು,” ಎಂದಳು. ಮೂಲೆಯ ಪುಟ್ಟ ಸ್ಪೀಕರಿನಲ್ಲಿ ತಮ್ಮನ ಕ್ಲಾರಿನೆಟ್ಟು ಮೆಲ್ಲಗೆ ನುಡಿಯುತ್ತಿತ್ತು. ಅದು ಏರಿ ಏರಿ ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ಅದೇ ಸ್ಪೀಕರಿನಿಂದ ಒಬ್ಬ ಹೆಂಗಸು ಒಂದಿಷ್ಟೂ ನಾಚಿಕೆಯಿಲ್ಲದೆ ನಡುವೆ ಬಾಯಿ ಹಾಕಿ, “ಇದು ನಮೂನೆ ಮಾತ್ರ. ಪೂರ್ತಿ ಕೇಳಲು ದಯವಿಟ್ಟು ಖರೀದಿಸಿ,” ಎಂದಳು. “ಅವಳು ಬಂದ್ಲು ಮೇಡಂ, ತೆಗೀರಿ!” ಎಂದು ನರ್ಸು ಕೂಗಿದಳು. ಇವಳು ಮ್ಯಾನೇಜರ ಬಾಯಿಂದ ಅಚ್ಚಿನ ಟ್ರೇಯನ್ನು ಪಟ್ಟನೆ ಎಳೆದು ತೆಗೆದಳು. ಗುಲಾಬಿ ಹಿಟ್ಟಿನಲ್ಲಿ ಮ್ಯಾನೇಜರ ಹಲ್ಲಿನ ಸಾಲು ಸೊಗಸಾಗಿ ಮೂಡಿತ್ತು. “ಯಾರು ಬಂದ್ರು?” ಎಂದು ಅವರು ಬಾಗಿಲ ಕಡೆ ನೋಡಿದರು. ಯಾರೂ ಬಂದಿರಲಿಲ್ಲ.

ನರ್ಸಿಗೆ ಕ್ಲಿನಿಕ್ಕಿನಲ್ಲಿ ಲೌಡ್‌ಸ್ಪೀಕರ್ ಎಂದೇ ಹೆಸರು. ಹಲ್ಲುನೋವಿನವರಿಗೆ ಕಿವಿಯೂ ಕೇಳುವುದಿಲ್ಲ ಎಂದು ನಂಬಿದವಳು ಅವಳು. ಈ ಪದ್ಧತಿಯನ್ನು ಕಂಡುಹಿಡಿದದ್ದೂ ಅವಳೇ. ಹೆಂಗಸು ಒಂದು ಸಲ ಮಾತಾಡಿದಾಗ ಟ್ರೇ ಬಾಯಿಗೆ ಇಟ್ಟರೆ ಇನ್ನೊಂದು ಸಲ ಮಾತಾಡುವಷ್ಟರಲ್ಲಿ ಹಿಟ್ಟು ಹದವಾಗಿ ಗಟ್ಟಿಯಾಗಿರುತ್ತದೆ, ಆಚೆಯೂ ಇಲ್ಲ ಈಚೆಯೂ ಇಲ್ಲ. ಗೋಡೆಯ ಮೇಲೆ ಗಡಿಯಾರವಿತ್ತು. ಆದರೆ ಗಡಿಯಾರವನ್ನು ತಲೆಯೆತ್ತಿ ನೋಡಬೇಕು, ಈ ಹೆಂಗಸಾದರೆ ತಾನಾಗಿ ಬಂದು ಹೇಳುತ್ತಾಳೆ. ತಮ್ಮನ ಎಂಟು ಟ್ಯೂನುಗಳು ಹೀಗೆ ತಿಂಗಳುಗಟ್ಟಲೆ ಬಿಟ್ಟಿಯಾಗಿ ಕ್ಲಿನಿಕ್ಕಿನಲ್ಲಿ ದುಡಿದಿದ್ದವು. ಕೊಂಡುಕೊಂಡವರಿಗೆ ಆ ಹೆಂಗಸಿಲ್ಲದ ಸಂಗೀತ ಫೋನಿಗೆ ಇಳಿಯುತ್ತದೆ, ಕೊಳ್ಳದವರು ಹೆಂಗಸಿನ ಸಮೇತ ಎಷ್ಟು ಸಲ ಬೇಕಾದರೂ ಕೇಳಬಹುದು. ಬೆಲೆಯೋ, ಕೆಳಗಿನ ಬೇಕರಿಯಲ್ಲಿ ಒಂದು ತುಂಡು ಕೇಕು, ಒಂದು ಕಾಫಿ. ಕೇಕನ್ನು ಅವಳು ದಿನಾ ತಿನ್ನುತ್ತಿದ್ದಳು, ಅದೂ ಹಲ್ಲಿನ ಡಾಕ್ಟರಾಗಿದ್ದುಕೊಂಡು. ಹಾಗಾದರೆ ದುಡ್ಡಿನ ಮಾತಲ್ಲ. ಮತ್ತೇನು? ಇಡೀ ಸಂಗೀತ ಕಿವಿಗೆ ಬಿದ್ದೇ ಬೀಳುತ್ತಿರುವಾಗ, ಒಬ್ಬ ಹೆಂಗಸಿನ ಬಾಯಿ ಮುಚ್ಚಿಸುವುದಕ್ಕೆ ಯಾಕೆ ದುಡ್ಡು ಕೊಡಬೇಕು ಎಂಬುದು ಅವಳ ವಾದ. ಟ್ಯೂನುಗಳು ಬಂದ ದಿನ ಗಂಡನಿಗೂ ಈ ವಾದ ಬಹಳ ಹಿಡಿಸಿತ್ತು. ಆತ ಲೆಕ್ಕ ಪರಿಶೋಧಕ. “ಬಿಟ್ಟಿ ಸಿಗೋದಕ್ಕೆ ದುಡ್ಡು ಕೊಟ್ರೆ ಅದು ವ್ಯಾಪಾರ ಅಲ್ಲ, ದಾನ,” ಎಂದಿದ್ದ. ಸ್ವಂತ ತಮ್ಮನಿಗೆ ದಾನ ಕೊಡುವುದೆಂದರೆ ಅವನಿಗೆ ಅವಮಾನವಲ್ಲವೇ? ಈ ಕೊನೆಯ ಮಾತು ಅವಳಿಗೆ ಎಷ್ಟು ಅನುಕೂಲವಾಗಿತ್ತೆಂದರೆ, ಅನುಕೂಲವಾಗಿದೆ ಎಂಬ ಕಾರಣಕ್ಕೇ ಅದರ ಮೇಲೆ ಅವಳಿಗೆ ಗುಮಾನಿಯಿತ್ತು.

ಕೊಳ್ಳದೆ ಇದ್ದದ್ದಷ್ಟೇ ಆಗಿದ್ದರೆ ಇವತ್ತು ಇಷ್ಟು ಕೈಗವಸು ಹಾಳಾಗುತ್ತಿರಲಿಲ್ಲ. ಟ್ಯೂನುಗಳು ಮಾರಾಟಕ್ಕೆ ಬಂದ ಮಾರನೆಯ ಬೆಳಿಗ್ಗೆ ತಮ್ಮ ಫೋನು ಮಾಡಿದ್ದ. ಅವಳು ಹಲ್ಲುಜ್ಜುತ್ತಿದ್ದಳು. “ಅಕ್ಕ, ಮೊದಲನೇ ಗಿರಾಕಿ ಬಂದಿದ್ದಾರೆ ಕಣೆ! ಹೆಸರು ಹಾಕಿಲ್ಲ. ನೀನೇ ತಾನೇ?” ಬಾಯಿ ತುಂಬ ನೊರೆ. “ಹ್ಞೂಂ” ಎಂಬ ಸದ್ದು ಹೊರಬಿತ್ತು. ಆ ಹ್ಞೂಂಗೆ ಹೌದು ಎಂದೂ ಅರ್ಥ, ಇರು ಬಾಯಿ ತೊಳೆದು ಬರುತ್ತೇನೆ ಎಂದೂ ಅರ್ಥ. ಬಾಯಿ ತೊಳೆದು ಬಂದಳು. ಅಷ್ಟರಲ್ಲಿ ಅವನು, “ನಂಗೊತ್ತಿತ್ತು ಬಿಡು, ನಿನ್ನ ಬಿಟ್ರೆ ಇನ್ಯಾರು,” ಎಂದು ಹೇಳಿ ಆಗಿತ್ತು, ಅದೂ ಅಷ್ಟು ಖುಷಿಯ ದನಿಯಲ್ಲಿ. ಇಲ್ಲ ಕಣೋ, ನಾನಲ್ಲ ಎನ್ನಲು ಬಾಯಿ ಬರಲಿಲ್ಲ. ಸಂಜೆ ಕೊಂಡುಬಿಟ್ಟರೆ ಸುಳ್ಳು ನಿಜವಾಗುತ್ತದೆ ಎಂದುಕೊಂಡಳು. ಸಂಜೆ ಯಾರದೋ ಬುದ್ಧಿಹಲ್ಲು ಬೇರಿನ ಸಮೇತ ಅಡ್ಡ ತಿರುಗಿ ಕೂತಿತ್ತು. ಆಮೇಲೆ ದಿನಗಳು ಹೋದಂತೆ, ಈಗ ಕೊಂಡರೆ ಅವನ ಫೋನಿಗೆ ತಕ್ಷಣ ಸುದ್ದಿ ಹೋಗುತ್ತದೆ, ಇನ್ಯಾರೋ ಕೊಂಡರು ಎಂದು ಅವನು ಸಂತೋಷಪಡುತ್ತಾನೆ, ಒಂದು ಸುಳ್ಳಿಗೆ ಎರಡು ಸುಳ್ಳಾಗುತ್ತದೆ ಎಂಬ ಹೊಸ ತೊಡಕು ಹುಟ್ಟಿಕೊಂಡಿತು. ಅವಳ ಮಾತನ್ನು ತಿರುಗಿಸಿ ಮುರುಗಿಸಿ ನೋಡದೆ ನಂಬುವವನು ಈ ಪ್ರಪಂಚದಲ್ಲಿ ತಮ್ಮ ಒಬ್ಬನೇ. ಗಂಡ ರಸೀತಿ ಕೇಳುತ್ತಾನೆ, ರೋಗಿಗಳು ಇನ್ನೊಬ್ಬ ಡಾಕ್ಟರನ್ನು ಕೇಳುತ್ತಾರೆ. ಇವತ್ತು ಮಧ್ಯಾಹ್ನ ಅವನು ಹಲ್ಲು ತೋರಿಸಲು ಬಂದು ಇದೇ ಕುರ್ಚಿಯಲ್ಲಿ ಮಲಗುತ್ತಾನೆ. ಈ ಹೆಂಗಸಿನ ದನಿ ಅವನ ಕಿವಿಗೆ ಬಿದ್ದರೆ ಆ ನಂಬಿಕೆ ಹೋಯಿತು, ಮತ್ತೆ ಬರುವುದಿಲ್ಲ. ಅದನ್ನು ಯೋಚಿಸಿದರೆ ನಿಜಕ್ಕೂ ಭಯವಾಗುತ್ತಿತ್ತು.

ಮ್ಯಾನೇಜರು ಹೋದ ಮೇಲೆ ಒಬ್ಬ ಟೀಚರು ಬಂದರು. ಅವರ ಜೊತೆಗೆ ಬಂದಿದ್ದ ನಾದಿನಿ, “ನಾನು ಪೇಶಂಟ್ ಅಲ್ಲ, ಸುಮ್ನೆ ಹಾಗೇ ಒಂದ್ಸಲ ನೋಡ್ಬಿಡಿ ಡಾಕ್ಟ್ರೇ,” ಎಂದು ನಿಂತಲ್ಲೇ ಬಾಯಿ ತೆರೆದಳು. ಇಂಥವರನ್ನು ಕಂಡರೆ ಇವಳಿಗೆ ಮೈಯೆಲ್ಲ ಉರಿ. ಲಿಫ್ಟಿನಲ್ಲಿ ಬಾಯಿ ತೆರೆಯುತ್ತಾರೆ, ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ತೆರೆಯುತ್ತಾರೆ, ಒಬ್ಬ ಮಹಾಶಯ ಟ್ರಾಫಿಕ್ ಸಿಗ್ನಲ್ಲಿನಲ್ಲಿ ಕಾರಿನ ಗಾಜು ಇಳಿಸಿ ತೆರೆದಿದ್ದ. ನೋಡುವುದಕ್ಕೆ ಏನು ಖರ್ಚು, ಕಣ್ಣು ತಾನೇ ಎನ್ನುವ ಜನ. ಆ ಕಣ್ಣಿಗೆ ಅಷ್ಟು ವರ್ಷ ಓದಿದ್ದು, ಅಪ್ಪನ ಹತ್ತಿರ ಬೈಸಿಕೊಂಡದ್ದು, ಸತ್ತವರ ದವಡೆಯನ್ನು ಟವೆಲಿನಲ್ಲಿ ಸುತ್ತಿ ಹಾಸ್ಟೆಲಿನ ಮಂಚದ ಕೆಳಗೆ ಇಟ್ಟುಕೊಂಡು ಮಲಗಿದ್ದು, ಇವೆಲ್ಲ ಇವರಿಗೆ ಹೇಗೆ ಗೊತ್ತಾಗಬೇಕು? “ನೋಡೋದಕ್ಕೇ ಫೀಸು,” ಎಂದು ಖಡಕ್ಕಾಗಿ ಹೇಳಿದಳು. ನಾದಿನಿ ಬಾಯಿ ಮುಚ್ಚಿಕೊಂಡಳು. ಸರಿಯಾಗಿ ಅದೇ ಹೊತ್ತಿಗೆ ಮೂಲೆಯಿಂದ ಹೆಂಗಸು, “ಇದು ನಮೂನೆ ಮಾತ್ರ,” ಎಂದಳು. ಇವಳ ಕೆನ್ನೆ ಬಿಸಿಯಾಯಿತು. ಅಲ್ಲ, ಅದು ಬೇರೆ ಇದು ಬೇರೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಚಿಕ್ಕಂದಿನಲ್ಲಿ, ಅಪ್ಪನ ಮನೆಯ ಬಚ್ಚಲಲ್ಲಿ ದನಿ ಚೆನ್ನಾಗಿ ಮೊಳಗುತ್ತದೆ ಎಂದು ತಮ್ಮ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಊದುತ್ತಿದ್ದ. ಗೋಡೆಯ ಈಚೆ ಅವಳು ಪರೀಕ್ಷೆಗೆ ಓದುತ್ತ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದಳು. ಕಡೆಗೆ ತಡೆಯಲಾರದೆ ಬಾಗಿಲ ಸಂದಿಯಲ್ಲಿ ನಾಣ್ಯ ತೂರಿಸಿ, “ತಗೋ, ಇವತ್ತಿಗೆ ನಿಲ್ಸು,” ಎಂದಿದ್ದಳು. ಅವನು ನಾಣ್ಯ ಎತ್ತಿಕೊಂಡು ನಿಲ್ಲಿಸಿದ್ದ. ಆಮೇಲೆ ಅದೇ ರೂಢಿಯಾಯಿತು. ಅವನ ಸಂಗೀತ ನಿಲ್ಲಿಸಲು ಪುಟ್ಟ ಹುಡುಗಿಯಾಗಿದ್ದಾಗ ದುಡ್ಡು ಕೊಟ್ಟವಳು ತಾನು, ಕೇಳಲು ಮಾತ್ರ ಈಗಲೂ ಕೊಡಲಾಗುತ್ತಿಲ್ಲ. ಛೆ, ಎಂಥ ಜಿಪುಣಿ ನಾನು ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಊಟದ ಹೊತ್ತಿಗೆ ಗಟ್ಟಿ ಮನಸ್ಸು ಮಾಡಿ ಗುಂಡಿ ಒತ್ತಿಯೇ ಬಿಟ್ಟಳು. ಕಾರ್ಡಿನ ಅಂಕಿಗಳನ್ನು ತುಂಬಿದಳು. ‘ನಿಮ್ಮ ಫೋನಿಗೆ ಬಂದ ಗುಪ್ತ ಸಂಖ್ಯೆಯನ್ನು ಇಲ್ಲಿ ಬರೆಯಿರಿ’ ಎಂದಿತು. ಸಂಖ್ಯೆ ಬಂದದ್ದು ಅವಳ ಫೋನಿಗಲ್ಲ, ಗಂಡನ ಫೋನಿಗೆ. ಬ್ಯಾಂಕಿನವರಿಗೆ ಆತ ತನ್ನ ನಂಬರೇ ಕೊಟ್ಟಿದ್ದ. ಈಗ ಆತನಿಗೆ ಫೋನು ಮಾಡಿದರೆ ಯಾಕೆ ಎಂದು ಕೇಳುತ್ತಾನೆ. ಮೊದಲ ಗಿರಾಕಿ ನಾನೇ ಎಂದು ಆತನ ಹತ್ತಿರವೂ ಜಂಬ ಕೊಚ್ಚಿಕೊಂಡು ಆಗಿತ್ತಲ್ಲ! ಆತ ಆಗ, “ಹೌದಾ, ಒಳ್ಳೇದು,” ಎಂದು ಯಾಕೋ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಪರದೆಯ ಮೇಲೆ ಗಡುವಿನ ಸೆಕೆಂಡುಗಳು ಇಳಿದು ಇಳಿದು, ‘ಸಮಯ ಮೀರಿದೆ’ ಎಂದು ಬಂತು. ಅವಳು ಊಟದ ಡಬ್ಬಿಯ ಮುಚ್ಚಳ ಹಾಕಿ ನರ್ಸನ್ನು ಕರೆದಳು.

“ನೋಡಿ, ಈಗ ನನ್ನ ತಮ್ಮ ಬರ್ತಾನೆ. ಅವನಿರೋವಾಗ ಮ್ಯೂಸಿಕ್ ಬೇಡ.”

“ಅಯ್ಯೋ, ಅವರದೇ ಮ್ಯೂಸಿಕ್ಕು ಅವರಿಗೇ ಬೇಡ್ವಾ? ಮತ್ತೆ ಅಚ್ಚು ತೆಗೆಯೋದು ಯಾವಾಗ ಅಂತ ಹೇಗೆ ಗೊತ್ತಾಗೋದು?”

“ಗೋಡೆ ಮೇಲೆ ಗಡಿಯಾರ ಇದೆಯಲ್ಲ.”

“ಗಡಿಯಾರ ಬಾಯ್ಬಿಟ್ಟು ಹೇಳತ್ತಾ ಮೇಡಂ?” ಎಂದು ಗೊಣಗುತ್ತಲೇ ಲೌಡ್‌ಸ್ಪೀಕರ್ ಹೋದಳು.

ತಮ್ಮ ಬಂದ. ಬಟ್ಟೆ ಅಂಗಡಿಯ ಗಾಜಿನ ಬಾಗಿಲನ್ನು ತೆರೆದ ಬಾಗಿಲೆಂದು ತಿಳಿದು ರಭಸದಲ್ಲಿ ನುಗ್ಗಿ ಮೇಲ್ಸಾಲಿನ ಮುಂದಿನ ಹಲ್ಲನ್ನು ಅರ್ಧ ಮುರಿದುಕೊಂಡಿದ್ದ. ನಗುತ್ತಲೇ ಬಂದ, ಆ ಮುರುಕು ಹಲ್ಲಲ್ಲಿ ಮತ್ತೆ ಬಚ್ಚಲಿನಲ್ಲಿ ಊದುತ್ತಿದ್ದ ಹುಡುಗನ ಹಾಗೆ ಕಂಡ. ಕ್ಲಾರಿನೆಟ್ಟಿನ ಬಾಯಿ ಕೂರುವುದು ಸರಿಯಾಗಿ ಅದೇ ಹಲ್ಲಿನ ತುದಿಗೆ. ಹಲ್ಲಿಗೆ ತೊಡಿಸುವ ಹೊಸ ಕವಚ ಕೂದಲೆಳೆಯಷ್ಟು ಉದ್ದವಾದರೂ ಅವನ ದನಿಯೇ ಬದಲಾಗುತ್ತದೆ. ಮುರಿದ ದಿನದಿಂದ ಅವನು ಊದಿರಲಿಲ್ಲ. “ಸರಿಹೋಗತ್ತಾ ಅಕ್ಕ?” ಎಂದು ಕೇಳಿದಾಗ ಅವನ ಕಣ್ಣು ನಗುತ್ತಿರಲಿಲ್ಲ. “ನಾನಿದ್ದೀನಲ್ಲ, ಸುಮ್ನೆ ಮಲಕ್ಕೋ,” ಎಂದಳು. ಸೂಜಿ ಚುಚ್ಚಿ ತುಟಿ ಮರಗಟ್ಟಿಸಿದಳು, ಉಳಿದ ಹಲ್ಲನ್ನು ಸುತ್ತಲೂ ಸವೆಸಿದಳು. ಆ ಹೊತ್ತಿನಲ್ಲಿ ಸುಳ್ಳು, ಗಿರಾಕಿ, ಹೆಂಗಸು ಯಾವುದೂ ಅವಳ ತಲೆಯಲ್ಲಿರಲಿಲ್ಲ. ಕೈಯೂ ಹಲ್ಲೂ ಮಾತ್ರ ಇದ್ದವು. ಇಷ್ಟು ಪ್ರೀತಿಯಿಂದ ಯಾವ ಹಲ್ಲನ್ನೂ ಅವಳು ಸವೆಸಿರಲಿಲ್ಲ. ಹಿಟ್ಟು ಕಲಸಿ, ಟ್ರೇಯಲ್ಲಿ ತುಂಬಿ, ಅವನ ಬಾಯಿಗಿಟ್ಟು ಎರಡೂ ಕೈಯ ಬೆರಳುಗಳಿಂದ ಅಲ್ಲಾಡದಂತೆ ಒತ್ತಿ ಹಿಡಿದಳು. ಆಗ ಮೂಲೆಯಲ್ಲಿ ಕ್ಲಾರಿನೆಟ್ಟು ಶುರುವಾಯಿತು.

ಗಡಿಯಾರವನ್ನು ನಂಬದ ಲೌಡ್‌ಸ್ಪೀಕರ್ ತನ್ನ ಕರ್ತವ್ಯ ಮಾಡಿ, ಮುಂದಿನ ರೋಗಿಯನ್ನು ವಿಚಾರಿಸಲು ಹೊರಗೆ ಹೋಗಿದ್ದಳು. “ನಿಲ್ಲಿಸ್ರೀ ಅದನ್ನ!” ಎಂದು ಇವಳು ಕೂಗಿದ್ದು ಆ ಕಡೆಯ ಗಟ್ಟಿ ದನಿಯಲ್ಲಿ ಮುಳುಗಿಹೋಯಿತು. ಕೈ ಬಿಡುವಂತಿಲ್ಲ, ಬಿಟ್ಟರೆ ಅಚ್ಚು ಅಲುಗುತ್ತದೆ, ಅಚ್ಚು ಅಲುಗಿದರೆ ತಮ್ಮನ ಹಲ್ಲು ಹೋಯಿತು. ಅವನೂ ಏಳುವಂತಿಲ್ಲ. ತನ್ನದೇ ಟ್ಯೂನು ಕೇಳಿ ಅವನ ಕಣ್ಣು ಅರಳಿದವು. ಅದನ್ನು ನೋಡಿ ಅವಳು ಬಡಬಡಿಸತೊಡಗಿದಳು, ಏನಾದರೂ ಸದ್ದಿನಲ್ಲಿ ಹೆಂಗಸು ಮುಳುಗಲಿ ಎಂದು. “ದಿನಾ ಹಾಕ್ತೀವಿ ಕಣೋ, ಎಲ್ರೂ ಕೇಳ್ತಾರೆ ಯಾರು ನುಡಿಸಿದ್ದು ಅಂತ, ಮೊನ್ನೆ ಒಬ್ಬರು ಕುರ್ಚೀಲೇ ನಿದ್ದೆ ಹೋಗ್ಬಿಟ್ರು, ಅಂದ್ರೆ ಬೇಜಾರಾಗಿ ಅಲ್ಲ, ಹಾಯಾಗಿ, ಅಮ್ಮ ಹೇಗಿದ್ದಾಳೆ, ಮಂಡಿ ನೋವು ಕಡಿಮೆಯಾಯ್ತಂತಾ—” ಕ್ಲಾರಿನೆಟ್ಟು ಏರಿತು, ಇನ್ನೂ ಏರಿತು. “ಇದು ನಮೂನೆ ಮಾತ್ರ. ಪೂರ್ತಿ ಕೇಳಲು ದಯವಿಟ್ಟು ಖರೀದಿಸಿ.” ಹೊರಗಿನಿಂದ ಲೌಡ್‌ಸ್ಪೀಕರ್, “ಬಂದ್ಲು ಮೇಡಂ! ಇನ್ನೊಂದ್ಸಲ ಬಂದ್ರೆ ತೆಗೀರಿ!” ಎಂದಳು.

ತಮ್ಮನ ಕಣ್ಣುಗಳು ನಿಧಾನವಾಗಿ ಸ್ಪೀಕರಿನ ಕಡೆ ಹೋದವು, ನಿಧಾನವಾಗಿ ವಾಪಸು ಬಂದು ಅವಳ ಮೇಲೆ ನಿಂತವು. ಅಷ್ಟು ಹತ್ತಿರದಿಂದ ಅವಳನ್ನು ಯಾರೂ ಹಾಗೆ ನೋಡಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಿ ಬಿಟ್ಟಿದ್ದವನು ತಮ್ಮ ಒಬ್ಬನೇ, ಅದರಲ್ಲೂ ಅವಳ ಬೆರಳುಗಳಿದ್ದವು. “ನೋಡೋ, ಹೇಳ್ತೀನಿ ಕೇಳು,” ಎಂದಳು, ಕೇಳದೆ ಅವನಿಗೆ ಬೇರೆ ದಾರಿಯೇ ಇಲ್ಲ ಎಂಬಂತೆ. ಕಾರ್ಡಿನ ಕತೆ ಹೇಳಿದಳು, ಗಂಡನ ನಂಬರಿನ ಕತೆ, ನೊರೆಯ ಕತೆ, ಬುದ್ಧಿಹಲ್ಲಿನ ಕತೆ, ದಾನ ಮತ್ತು ವ್ಯಾಪಾರದ ವ್ಯತ್ಯಾಸ. ಒಂದೊಂದು ಕಾರಣವೂ ಹೊರಗೆ ಬಂದ ಕೂಡಲೇ ಪುಸಕ್ಕೆಂದು ಸಣ್ಣದಾಯಿತು. ಕಡೆಗೆ ಕಾರಣಗಳೂ ಮುಗಿದವು, ಹಿಟ್ಟು ಮಾತ್ರ ಇನ್ನೂ ಗಟ್ಟಿಯಾಗಿರಲಿಲ್ಲ. ಸುಮ್ಮನೆ ಅವನ ದವಡೆ ಹಿಡಿದು ಕೂತಳು. ಹೆಂಗಸು ಇಷ್ಟು ನಿಧಾನವಾಗಿ ಯಾವತ್ತೂ ಬಂದಿರಲಿಲ್ಲ. ಬಂದಳು, ಹೇಳಿದಳು. ಇವಳು ಟ್ರೇ ತೆಗೆದಳು. ಅಚ್ಚು ಒಳ್ಳೆಯದಾಗಿ ಮೂಡಿತ್ತು.

ತಮ್ಮ ಎದ್ದು ಕೂತು, ಉಗಿದು, ಬಾಯಿ ಮುಕ್ಕಳಿಸಿದ. ಮರಗಟ್ಟಿದ ತುಟಿಯಿಂದ ನೀರು ಅಂಗಿಯ ಮೇಲೆಲ್ಲ ಸುರಿಯಿತು. ಆಮೇಲೆ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಕುರ್ಚಿ ಅಲ್ಲಾಡುವ ಹಾಗೆ ನಕ್ಕ.

“ಅಕ್ಕ, ಮೊದಲನೇ ಗಿರಾಕಿ ನಾನೇ ಕಣೆ.”

“ಏನು?”

“ಆ ಗುಂಡಿ ಕೆಲಸ ಮಾಡತ್ತೋ ಇಲ್ವೋ ಅಂತ ನಾನೇ ದುಡ್ಡು ಕೊಟ್ಟು ತಗೊಂಡೆ. ಆಮೇಲೆ ಎಲ್ಲರಿಗೂ ಫೋನ್ ಮಾಡಿ ಕೇಳ್ದೆ, ‘ನೀವೇ ತಾನೇ?’ ಅಂತ. ದೊಡ್ಡಪ್ಪ ‘ಮತ್ತಿನ್ಯಾರು’ ಅಂದ್ರು. ಅಮ್ಮನಿಗೆ ಫೋನಲ್ಲಿ ದೀಪ ಹಚ್ಚೋಕೂ ಬರಲ್ಲ, ಅವಳೂ ‘ಹೂಂ ಮಗಾ, ಒತ್ತಿದೆ’ ಅಂದ್ಲು. ಭಾವನ್ನ ಕೇಳ್ದೆ…”

“ಇವರನ್ನೂ ಕೇಳಿದ್ಯಾ? ಏನಂದ್ರು?”

“‘ಹೇಳ್ಬಾರ್ದು ಅಂತಿದ್ದೆ’ ಅಂದ್ರು.”

ಪೇಪರು ಯಾಕೆ ಮುಖಕ್ಕೆ ಅಡ್ಡ ಬಂದಿತ್ತೆಂದು ಅವಳಿಗೆ ಈಗ ಹೊಳೆಯಿತು. ನಗು ಬರಬೇಕಿತ್ತು, ಬಂದದ್ದು ಸಿಟ್ಟು. “ಅಂದ್ರೆ ನಮ್ಮನ್ನೆಲ್ಲ ಪರೀಕ್ಷೆ ಮಾಡಿದ್ಯಾ? ಅಕ್ಕ ಅಂತಾನೂ ನೋಡ್ಲಿಲ್ವಾ?” ಎಂದು ಕೈಗವಸನ್ನು ಕಸದ ಬುಟ್ಟಿಗೆ ಎಸೆದಳು. ಅವನ ನಗು ನಿಂತಿತು. ತೋಳಿನಿಂದ ಬಾಯಿ ಒರೆಸಿಕೊಂಡ. “ಪರೀಕ್ಷೆ ಅಲ್ಲಕ್ಕ. ಯಾರಾದ್ರೂ ಒಬ್ಬರು ‘ಇಲ್ಲಪ್ಪ, ನಾನು ತಗೊಂಡಿಲ್ಲ’ ಅಂತಾರೆ, ಆಗ ‘ಯಾಕೆ, ಚೆನ್ನಾಗಿಲ್ವಾ?’ ಅಂತ ಕೇಳೋಣ ಅಂತಿದ್ದೆ. ಯಾರೂ ಇಲ್ಲ ಅನ್ಲಿಲ್ಲ. ಎಲ್ಲರೂ ತಗೊಂಡಿದ್ದಾರೆ, ಎಲ್ಲರೂ ಸೂಪರ್ ಅಂತಾರೆ. ಚೆನ್ನಾಗಿದ್ಯೋ ಇಲ್ವೋ ಅಂತ ಮಾತ್ರ ನನಗೆ ಇವತ್ತಿನವರೆಗೂ ಗೊತ್ತಾಗ್ಲಿಲ್ಲ.” ತನ್ನ ಹಲ್ಲನ್ನು ಬೆರಳಿನಿಂದ ಮುಟ್ಟಿ, “ಹಲ್ಲು ಮುರಿದಾಗ ಒಂಥರಾ ಸಮಾಧಾನಾನೇ ಆಯ್ತು ಗೊತ್ತಾ? ಇದೇ ನೆಪ ಹೇಳಿ ಬಿಟ್ಟುಬಿಡಬಹುದಲ್ಲ ಅಂತ,” ಎಂದ. ತನ್ನ ಮರ್ಯಾದೆಯ ಲೆಕ್ಕದಲ್ಲೇ ಮುಳುಗಿಹೋಗಿದ್ದವಳಿಗೆ ಅವನೂ ಒಂದು ಭಯ ಹೊತ್ತುಕೊಂಡು ತಿರುಗುತ್ತಿರಬಹುದು ಎಂದು ತೋಚಿಯೇ ಇರಲಿಲ್ಲ.

“ಕೇಳಿದ್ದೀನಿ ಕಣೋ, ದಿನಾ ಕೇಳಿದ್ದೀನಿ,” ಎಂದಳು. ಅವನು ನಂಬದವನ ಹಾಗೆ ಹುಬ್ಬೆತ್ತಿದ. ಅವಳಿಗೆ ರೋಷ ಬಂತು. ಬಾಗಿಲು ಮುಚ್ಚಿ, ಟ್ರೇ ತೊಳೆಯುವ ತೊಟ್ಟಿಯ ಪಕ್ಕ ನಿಂತು ಗುನುಗತೊಡಗಿದಳು. ಹಾಡುವವಳಲ್ಲ, ದನಿ ಒಡಕು. ಆದರೂ ಮೊದಲನೆಯ ಟ್ಯೂನು ಒಂದು ಎಳೆಯೂ ತಪ್ಪದೆ ಬಂತು. ಏರಿತು, ಬಳುಕಿತು, ಮತ್ತೆ ಏರಿತು, ಅಲ್ಲಿ ಗಕ್ಕನೆ ನಿಂತು, ಹೆಂಗಸು ಮಾತಾಡುವಷ್ಟು ಹೊತ್ತು ಅವಳು ಸುಮ್ಮನಿದ್ದು, ಆಚೆ ದಡದಿಂದ ಮುಂದುವರಿಸಿದಳು. ತಮ್ಮ ಕೈಯೆತ್ತಿ ತಡೆದ. “ಅಲ್ಲೇ ಅಕ್ಕ! ಅಲ್ಲೇ ಇರೋದು! ಆ ಜಾಗಕ್ಕೋಸ್ಕರ ಇಡೀ ಟ್ಯೂನು ಮಾಡಿದ್ದು!” ಎಂದು ಸಿಳ್ಳೆ ಹಾಕಿ ತೋರಿಸಲು ಹೋದ. ತುಟಿ ಮರಗಟ್ಟಿತ್ತು, ಪುಸ್ ಎಂದು ಗಾಳಿ ಬಂತು, ಜೊಲ್ಲೂ ಬಂತು. ಇನ್ನೊಮ್ಮೆ ಪ್ರಯತ್ನಿಸಿದ, ಇನ್ನೂ ಕೆಟ್ಟದಾಗಿ ಬಂತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅವಳು ಫೋನು ತೆಗೆದು ಗುಂಡಿ ಒತ್ತಿದಳು, ಅಂಕಿಗಳನ್ನು ತುಂಬಿ, ಗಂಡನಿಗೆ ಫೋನು ಮಾಡಿದಳು.

“ರೀ, ನಿಮ್ಮ ಫೋನಿಗೊಂದು ನಂಬರ್ ಬಂದಿರತ್ತೆ, ಹೇಳಿ.”

“ಏನಕ್ಕದು? ಊಟದ ಹೊತ್ತಲ್ಲೂ ಒಂದು ಬಂದಿತ್ತು.”

“ತಮ್ಮನ ಮ್ಯೂಸಿಕ್ ತಗೊಳ್ತಿದ್ದೀನಿ.”

“ನೀನು ಆಗಲೇ ತಗೊಂಡಿದ್ಯಲ್ಲ?”

“ನೀವೂ ತಗೊಂಡಿದ್ರಲ್ಲ?”

ಆ ಕಡೆಯಿಂದ ಲೆಕ್ಕ ಪರಿಶೋಧಕರು ಬಹಳ ವಿನಯದಿಂದ ಒಂದೊಂದೇ ಅಂಕಿಯನ್ನು ಓದಿ ಹೇಳಿದರು. ಹೆಸರು ಹಾಕುವ ಜಾಗದಲ್ಲಿ ಅವಳು ‘ಅಕ್ಕ’ ಎಂದು ಬರೆದಳು. ತಮ್ಮನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಎದುರಿಗೇ ನಿಂತು ನೋಡಿದ್ದರೂ ಅವನು ಅದನ್ನು ಹೊರತೆಗೆದು, ಬೆಳಕಿಗೆ ಹಿಡಿದು, ಎರಡೆರಡು ಸಲ ಓದಿಕೊಂಡ. ಕಣ್ಣು ತುಂಬಿತ್ತು. “ಸೂಜಿ ಚುಚ್ಚಿದ್ದಕ್ಕೆ ಹಾಗಾಗತ್ತೆ,” ಎಂದಳು ಅವಳು, ಅವನಿಗೆ ಅನುಕೂಲವಾಗಲಿ ಎಂದು.

ಹೆಂಗಸಿಲ್ಲದ ಟ್ಯೂನುಗಳನ್ನು ಇಬ್ಬರೂ ಕೇಳಿದರು. ಮೊದಲನೆಯದರ ಆ ಜಾಗ ಬಂತು. ಏರಿದ ದನಿ ತುದಿಯಲ್ಲಿ ಒಡೆಯದೆ, ಹಠ ಮಾಡದೆ, ಮೆಟ್ಟಿಲಿಳಿದು ಮನೆಗೆ ಬಂದ ಹಾಗೆ ಇಳಿದು ಬಂತು. ಅವಳು ಟ್ರೇ ತೊಳೆಯುವುದನ್ನು ನಿಲ್ಲಿಸಿದಳು. ಇಷ್ಟು ದಿನ ಇದನ್ನು ಬಿಟ್ಟು ಏನು ಕೇಳಿದೆ ಎಂದು ದುಃಖವೂ ಆಯಿತು, ಸಂತೋಷವೂ ಆಯಿತು, ಅದನ್ನು ಹಾಗೇ ಬಾಯಿಬಿಟ್ಟು ಹೇಳಿದಳು. ತಮ್ಮ ತಲೆ ತಗ್ಗಿಸಿದ. ಎರಡನೆಯದು ಶುರುವಾಯಿತು. ಹೊರಗಿನಿಂದ ಲೌಡ್‌ಸ್ಪೀಕರ್ ಬಾಗಿಲು ಬಡಿದು, “ಮೇಡಂ, ಪೇಶಂಟು ಕಾಯ್ತಿದ್ದಾರೆ, ಅವಳು ಯಾಕೆ ಇನ್ನೂ ಬರ್ಲಿಲ್ಲ?” ಎಂದಳು. ಎರಡನೆಯದು ನಡೆಯಿತು, ತಿರುಗಿತು, ತಿರುಗಿದಲ್ಲೇ ಮತ್ತೆ ತಿರುಗಿತು. ಅವಳು ಅವನ ಮುಖ ನೋಡಿದಳು. ಸೂಪರ್ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಒಂದು ಹೇಳ್ಲಾ? ದುಡ್ಡು ಕೊಟ್ಟಿದ್ದೀನಿ, ಹೇಳೇ ಹೇಳ್ತೀನಿ. ಎರಡನೇದ್ರಲ್ಲಿ ಆ ಹೆಂಗಸು ಮಾತಾಡ್ತಿದ್ದದ್ದೇ ಚೆನ್ನಾಗಿತ್ತು ಕಣೋ.”

ತಮ್ಮನ ಇಡೀ ಮುಖ ಬೆಳಗಿತು. ಸವೆದ ಹಲ್ಲು ಕಾಣುವ ಹಾಗೆ ಬಾಯಿ ತೆರೆದು, ಸ್ಟೂಲನ್ನು ಬರ್ರನೆ ಅವಳ ಹತ್ತಿರಕ್ಕೆ ಎಳೆದುಕೊಂಡ.

“ಎಲ್ಲಿ ಅಕ್ಕ? ಯಾವ ಜಾಗ? ತೋರ್ಸು.”